ಅಕ್ಷರವನ್ನು ಹುಡುಕುವ ಮುನ್ನ

ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನ ಭಾಷೆ ಏತಕ್ಕೆ ಎಂದು ಕೇಳುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಕನ್ನಡ, ಇತಿಹಾಸಗಳ ಜತೆಗೆ ಗಣಕ ವಿಷಯವನ್ನೂ ಐಚ್ಛಿಕವಾಗಿ ತೆಗೆದುಕೊಂಡ ನಾವು ಕೆಲವರು ಈ ಪ್ರಶ್ನೆಯನ್ನು ವರ್ಷವಿಡೀ ಕೇಳಿಸಿಕೊಂಡಿದ್ದೇವೆ. ಸಾಹಿತ್ಯ ಓದುವವರಿಗೆ ಯಂತ್ರದ ಸಹವಾಸ ಬೇಡವೆಂದು ಒಂದು ಕಡೆಯವರೂ, ಯಂತ್ರವಿದ್ಯೆಗೆ ವ್ಯಾಕರಣದ ಹಂಗೇನು ಎಂದು ಇನ್ನೊಂದು ಕಡೆಯವರೂ ಹೇಳುತ್ತಾರೆ. ಎರಡು ಮಾತೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ದೊಡ್ಡ ತತ್ತ್ವಗಳನ್ನು ಹಿಡಿದು ವಾದಿಸುವ ಶಕ್ತಿ ನನಗಿಲ್ಲ. ಸಿ ಭಾಷೆಯ ಒಂದು ಪುಟ್ಟ ಪಾಠವನ್ನು, ಎಂದರೆ ಒಂದು ಪದದೊಳಗೆ ಒಂದು ಅಕ್ಷರವನ್ನು ಹುಡುಕುವ ಪಾಠವನ್ನು, ಮುಂದಿಟ್ಟುಕೊಂಡು ನನಗೆ ತಿಳಿದಷ್ಟನ್ನು ಹೇಳುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಮೊದಲು ಪಾಠವೇನೆಂಬುದನ್ನು ಹೇಳಬೇಕು. ಸಿ ಭಾಷೆಯಲ್ಲಿ ಅಕ್ಷರಗಳನ್ನು ಒಂದರ ಪಕ್ಕದಲ್ಲೊಂದು ಪೋಣಿಸಿದ ಸರಕ್ಕೆ ಸ್ಟ್ರಿಂಗ್ ಎಂದು ಹೆಸರು. ಸರ ಎಲ್ಲಿ ಮುಗಿಯಿತೆಂದು ತಿಳಿಯಲು ಅದರ ಕೊನೆಯಲ್ಲಿ ಬೆಲೆ ಸೊನ್ನೆಯಾದ ಒಂದು ಬೈಟನ್ನು ಇಟ್ಟಿರುತ್ತಾರೆ. ಈ ಸರದೊಳಗೆ ನಮಗೆ ಬೇಕಾದ ಅಕ್ಷರ ಇದೆಯೇ ಇಲ್ಲವೇ ಎಂದು ನೋಡಿ ಹೇಳುವುದಕ್ಕೆ ಒಂದು ಸಿದ್ಧ ಫಂಕ್ಷನ್ ಉಂಟು. ಎಸ್, ಟಿ, ಆರ್, ಸಿ, ಎಚ್, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳಿಂದಾದ ಅದರ ಹೆಸರನ್ನು ನಮ್ಮ ಲ್ಯಾಬಿನಲ್ಲಿ ‘ಸ್ಟ್ರ್‌ಚರ್’ ಎಂದು ಉಚ್ಚರಿಸುತ್ತಾರೆ. ಅದರ ಕೆಲಸ ಬಹಳ ಸರಳ. ಊಟದ ಪಂಕ್ತಿಯಲ್ಲಿ ನಮ್ಮವರನ್ನು ಹುಡುಕುವವರು ಮೊದಲ ಎಲೆಯಿಂದ ಹೊರಟು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋಗುತ್ತಾರಲ್ಲವೆ? ಹಾಗೆಯೇ ಅದು ಸರದ ಮೊದಲಿನಿಂದ ಒಂದೊಂದೇ ಬೈಟನ್ನು ನೋಡುತ್ತಾ ಹೋಗುತ್ತದೆ. ಸಿಕ್ಕಿದರೆ ಸಿಕ್ಕಿದ ಜಾಗದ ವಿಳಾಸವನ್ನು ಕೊಡುತ್ತದೆ. ಈ ವಿಳಾಸಕ್ಕೆ ಪಾಯಿಂಟರ್ ಎನ್ನುತ್ತಾರೆ. ಕೊನೆಯವರೆಗೆ ಹೋದರೂ ಸಿಕ್ಕದಿದ್ದರೆ ‘ನಲ್’ ಎಂಬ ಖಾಲಿ ವಿಳಾಸವನ್ನು ಕೊಡುತ್ತದೆ.

ಮೈಸೂರು ಎಂಬ ಊರಿನ ಹೆಸರನ್ನು ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಎಂ, ವೈ, ಎಸ್, ಓ, ಆರ್, ಇ ಎಂದು ಬರೆದು ಎಸ್ ಅಕ್ಷರವನ್ನು ಹುಡುಕಿ ಎಂದರೆ, ಮೂರನೆಯ ಸ್ಥಾನದಲ್ಲಿದೆ ಎಂಬ ಉತ್ತರ ತಟ್ಟನೆ ಬರುತ್ತದೆ. ಉದ್ದವನ್ನು ಅಳೆಯುವ ‘ಸ್ಟ್ರ್‌ಲೆನ್’ ಎಂಬ ಇನ್ನೊಂದು ಫಂಕ್ಷನ್ ಆರು ಎನ್ನುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳೂ ಆರೇ. ಎಲ್ಲವೂ ಸರಿಯಾಗಿಯೇ ಇದೆ. ಪಾಠ ಇಲ್ಲಿಗೆ ಮುಗಿಯಿತೆಂದು ಪುಸ್ತಕಗಳು ಹೇಳುತ್ತವೆ. ಪರೀಕ್ಷೆಯಲ್ಲಿ ಬರುವುದೂ ಇಷ್ಟೇ.

ನಾನು ಇಷ್ಟಕ್ಕೆ ಸುಮ್ಮನಿರದೆ, ಆ ದಿನ ಲ್ಯಾಬಿನಲ್ಲಿ ಊರಿನ ಹೆಸರನ್ನು ಅಳಿಸಿ ಅಲ್ಲಿ ‘ಕನ್ನಡ’ ಎಂದು ಕನ್ನಡದಲ್ಲಿಯೇ ಟೈಪು ಮಾಡಿದೆ. ಹುಡುಕುವ ಅಕ್ಷರವಾಗಿ, ಯಾವ ಯೋಚನೆಯೂ ಇಲ್ಲದೆ, ‘ಲ’ ಎಂದು ಕೊಟ್ಟೆ. ಕನ್ನಡ ಎಂಬ ಪದದಲ್ಲಿ ಲ ಇಲ್ಲವೆಂಬುದು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ಪ್ರೋಗ್ರಾಂ ‘ಇದೆ’ ಎಂದಿತು. ಮತ್ತೊಮ್ಮೆ ನಡೆಸಿದೆ, ಮತ್ತೂ ‘ಇದೆ’ ಎಂದಿತು. ‘ಳ’ ಎಂದು ಕೊಟ್ಟೆ, ಅದೂ ಇದೆಯಂತೆ! ‘ರ’ ಕೊಟ್ಟಾಗ ಮಾತ್ರ ಇಲ್ಲ ಎಂದಿತು. ಉದ್ದ ಎಷ್ಟೆಂದು ಕೇಳಿದರೆ ಹದಿನೈದು ಎಂದಿತು. ಪಕ್ಕದಲ್ಲಿದ್ದ ಗೆಳತಿಯರು ನಕ್ಕರು. ಲ್ಯಾಬಿನವರು ಬಂದು ನೋಡಿ, “ಇದಕ್ಕೆ ಯಾಕಮ್ಮಾ ಕನ್ನಡ ಹಾಕಿದೆ? ಇಂಗ್ಲಿಷಿನಲ್ಲಿ ಹಾಕು, ಸರಿಯಾಗಿ ಬರುತ್ತೆ” ಎಂದು ಮುಂದಿನ ಮೇಜಿಗೆ ಹೋದರು. ಅವರು ಬೇಸರದಿಂದ ಹೇಳಲಿಲ್ಲ. ಮೂವತ್ತು ಜನರನ್ನು ಒಂದು ಗಂಟೆಯಲ್ಲಿ ನೋಡಬೇಕಾದವರು ಇನ್ನೇನು ಹೇಳಿಯಾರು? ಆದರೆ ಆ ದಿನ ಲ್ಯಾಬಿನಿಂದ ಹೊರಗೆ ಬರುವಾಗ ನಮ್ಮ ಗುಂಪಿನಲ್ಲಿ ಒಬ್ಬಳು, “ಕನ್ನಡ ಕಂಪ್ಯೂಟರಿಗೆ ಹತ್ತೋದಿಲ್ಲ ಬಿಡೇ” ಎಂದಳು. ಯಾರೂ ಎದುರು ಹೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ ಏನು ಹೇಳಬೇಕೆಂಬುದು ನನಗೆ ಗೊತ್ತಿರಲಿಲ್ಲ. ಈ ಲೇಖನವನ್ನು ಬರೆಯಲು ಕಾರಣ ಆ ಮಾತು.

ಆಮೇಲೆ ಕುಳಿತು ನೋಡಿದಾಗ ತಿಳಿಯಿತು: ತಪ್ಪು ಕನ್ನಡದ್ದಲ್ಲ, ಯಂತ್ರದ್ದೂ ಅಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಿ ಭಾಷೆಯನ್ನು ಡೆನ್ನಿಸ್ ರಿಚಿ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೨ರ ಸುಮಾರಿಗೆ ರೂಪಿಸಿದರು. ಬ್ರಿಯಾನ್ ಕರ್ನಿಘನ್ ಅವರೊಡನೆ ಅವರು ಬರೆದ ಪ್ರಸಿದ್ಧ ಪುಸ್ತಕ ೧೯೭೮ರಲ್ಲಿ ಹೊರಬಂದಿತು. ಭಾಷೆಗೆ ಅಮೆರಿಕದ ಪ್ರಮಾಣ ಸಂಸ್ಥೆಯ ಮುದ್ರೆ ಬಿದ್ದುದು ೧೯೮೯ರಲ್ಲಿ. ಆ ಭಾಷೆಯಲ್ಲಿ ‘ಚಾರ್’ ಎಂದರೆ ಒಂದು ಬೈಟು. ೧೯೬೩ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಸಂಕೇತಮಾಲೆಯಲ್ಲಿ ಒಟ್ಟು ೧೨೮ ಸ್ಥಾನಗಳಿವೆ. ಇಂಗ್ಲಿಷಿನ ದೊಡ್ಡ ಅಕ್ಷರಗಳು, ಸಣ್ಣ ಅಕ್ಷರಗಳು, ಅಂಕಿಗಳು, ಅಲ್ಪವಿರಾಮವೇ ಮೊದಲಾದ ಚಿಹ್ನೆಗಳು ಎಲ್ಲಕ್ಕೂ ಅಷ್ಟೇ ಸಾಕಾಗಿತ್ತು. ಹೀಗಾಗಿ ಒಂದು ಅಕ್ಷರಕ್ಕೆ ಒಂದು ಬೈಟು ಎಂಬ ಲೆಕ್ಕ ಅಲ್ಲಿ ಸರಿಹೋಗುತ್ತಿತ್ತು. ಅಕ್ಷರವನ್ನು ಹುಡುಕುವುದು, ಬೈಟನ್ನು ಹುಡುಕುವುದು ಇವೆರಡೂ ಒಂದೇ ಕೆಲಸವಾಗಿದ್ದುದರಿಂದ ಅವೆರಡನ್ನೂ ಬೇರೆ ಬೇರೆಯಾಗಿ ಹೇಳಬೇಕಾದ ಅಗತ್ಯವೇ ಬೀಳಲಿಲ್ಲ.

ಲೋಕದ ಎಲ್ಲ ಲಿಪಿಗಳಿಗೂ ಒಂದೇ ಸಂಕೇತಮಾಲೆ ಇರಲೆಂದು ಹೊರಟ ಯೂನಿಕೋಡಿನ ಮೊದಲನೆಯ ಆವೃತ್ತಿ ಬಂದದ್ದು ೧೯೯೧ರಲ್ಲಿ. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಕ ಎಂಬುದರ ಸಂಖ್ಯೆ ೩೨೨೧. ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ೨೫೫ಕ್ಕೆ ಬೈಟು ತುಂಬಿಹೋಗುತ್ತದೆ. ಅದಕ್ಕೆ ಉಪಾಯವನ್ನು ಕಂಡವರು ಅದೇ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಅವರು ೧೯೯೨ರಲ್ಲಿ ರಚಿಸಿದ ಯುಟಿಎಫ್-೮ ಎಂಬ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ ಒಂದೇ ಬೈಟು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು. ಕ ಎಂದರೆ ೨೨೪, ೧೭೮, ೧೪೯. ನ ಎಂದರೆ ೨೨೪, ೧೭೮, ೧೬೮. ಹಲಂತದ ಗುರುತಿಗೆ ೨೨೪, ೧೭೯, ೧೪೧. ಡ ಎಂದರೆ ೨೨೪, ೧೭೮, ೧೬೧. ಕನ್ನಡ ಎಂಬ ಪದವನ್ನು ಯಂತ್ರವು ಕ, ನ, ಹಲಂತ, ನ, ಡ ಎಂದು ಐದು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಐದು ಮೂರಲೆ ಹದಿನೈದು. ಉದ್ದ ಹದಿನೈದು ಎಂದದ್ದು ಇದರಿಂದ.

ಇನ್ನು ಲ ಸಿಕ್ಕಿದ್ದು ಹೇಗೆ? ಲ ಎಂಬುದಕ್ಕೆ ೨೨೪, ೧೭೮, ೧೭೮ ಎಂಬ ಮೂರು ಬೈಟುಗಳು. ನಮ್ಮ ಲ್ಯಾಬಿನ ಜಿಸಿಸಿ ಕಂಪೈಲರ್ ಈ ಮೂರನ್ನೂ ಒಂದು ದೊಡ್ಡ ಸಂಖ್ಯೆಯಾಗಿ ಕಟ್ಟಿ ಸ್ಟ್ರ್‌ಚರ್‌ನ ಕೈಗೆ ಕೊಡುತ್ತದೆ. ಸ್ಟ್ರ್‌ಚರ್ ಒಂದೇ ಬೈಟನ್ನು ಹುಡುಕಬಲ್ಲದಾದ್ದರಿಂದ ಕೊನೆಯ ೧೭೮ನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟುಬಿಡುತ್ತದೆ. ಆ ೧೭೮ ಎಲ್ಲಿ ಸಿಕ್ಕಿತು ನೋಡಿ: ಮೊದಲನೆಯ ಅಕ್ಷರವಾದ ಕ ಎಂಬುದರ ನಡುವಿನ ಬೈಟೇ ೧೭೮! ಪಾಪ, ಅದು ಸುಳ್ಳು ಹೇಳಲಿಲ್ಲ. ೧೭೮ ಇದೆಯೇ ಎಂದು ಕೇಳಿದರೆ ಇದೆ ಎಂದಿತು. ಳ ಎಂಬುದರ ಕೊನೆಯ ಬೈಟು ೧೭೯; ಅದು ಹಲಂತದ ನಡುವಿನ ಬೈಟು. ರ ಎಂಬುದರ ಕೊನೆಯದು ೧೭೬; ಅದು ಆ ಪದದಲ್ಲಿ ಎಲ್ಲೂ ಇಲ್ಲದ್ದರಿಂದ ‘ಇಲ್ಲ’ ಎಂಬ ಉತ್ತರ ಬಂದಿತು. ಆ ಉತ್ತರ ಸರಿಯಾದದ್ದು ಕೇವಲ ಆಕಸ್ಮಿಕ. ಇನ್ನೂ ಒಂದು ಮಾತು. ಕ ಎಂಬುದನ್ನೇ ಹುಡುಕಿದರೂ ಸಿಕ್ಕುವ ವಿಳಾಸ ಅಕ್ಷರದ ಆರಂಭದ್ದಲ್ಲ, ಅದರ ಮೂರನೆಯ ಬೈಟಿನದು. ಅಲ್ಲಿಂದ ಮುಂದಕ್ಕೆ ಅಚ್ಚು ಹಾಕಿಸಿದರೆ ತಲೆಯಿಲ್ಲದ ಒಂದು ಚೂರು ಮೊದಲು ಬಂದು ಆಮೇಲೆ ‘ನ್ನಡ’ ಎಂದು ಬರುತ್ತದೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಂಪೈಲರ್ ನನ್ನನ್ನು ಎಚ್ಚರಿಸದೆ ಇರಲಿಲ್ಲ. ಒಂದು ಅಕ್ಷರದ ಜಾಗದಲ್ಲಿ ಹಲವನ್ನು ಇಟ್ಟಿದ್ದೀಯೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲಿನ ಎಚ್ಚರಿಕೆಯನ್ನು ಕೊಟ್ಟಿತ್ತು. ಬೇರೆ ಕೆಲವು ಕಂಪೈಲರುಗಳಂತೂ ಇಂಥ ಬರವಣಿಗೆಯನ್ನು ಒಪ್ಪುವುದೇ ಇಲ್ಲ. ಎಚ್ಚರಿಕೆ ಬಂದರೂ ಪ್ರೋಗ್ರಾಂ ನಡೆದರೆ ಸಾಕೆಂದು ಅದನ್ನು ಓದದೆ ಮುಂದುವರಿಯುವುದು ನಮಗೆಲ್ಲರಿಗೂ ಅಭ್ಯಾಸವಾಗಿಹೋಗಿದೆ. ಓದುವುದೇ ಉದ್ಯೋಗವಾದ ಕಲಾ ವಿದ್ಯಾರ್ಥಿಗಳು ಯಂತ್ರದ ಮಾತನ್ನು ಓದದೆ ಬಿಡುವುದು ನಗೆಗೇಡಲ್ಲವೆ?

ಹಾಗಾದರೆ ಸಿ ಭಾಷೆಯಲ್ಲಿ ಕನ್ನಡವನ್ನು ಹುಡುಕಲು ದಾರಿಯಿಲ್ಲವೆ? ಖಂಡಿತವಾಗಿಯೂ ಇದೆ. ಕ ಎಂಬುದನ್ನು ಒಂದು ಅಕ್ಷರವೆಂದು ಕೊಡದೆ, ಮೂರು ಬೈಟುಗಳ ಒಂದು ಪುಟ್ಟ ಸರವೆಂದು ಕೊಡಬೇಕು. ಸರದೊಳಗೆ ಸರವನ್ನು ಹುಡುಕುವ ಫಂಕ್ಷನ್ ಬೇರೆ ಇದೆ; ಎಸ್-ಟಿ-ಆರ್ ಎಂಬ ಮೂರು ಅಕ್ಷರಗಳನ್ನು ಎರಡು ಸಲ ಬರೆದರೆ ಅದರ ಹೆಸರು. ಒಂಟಿ ಉದ್ಧರಣ ಚಿಹ್ನೆಯ ಬದಲು ಜೋಡಿ ಉದ್ಧರಣ ಚಿಹ್ನೆ ಹಾಕಿ ಇದನ್ನು ಕರೆದರೆ ಉತ್ತರ ಸರಿಯಾಗಿ ಬರುತ್ತದೆ: ಲ ಇಲ್ಲ, ಳ ಇಲ್ಲ, ಕ ಇದೆ. ಮೋಸಹೋಗುವ ಭಯವೂ ಇಲ್ಲ. ಏಕೆಂದರೆ ಥಾಂಪ್ಸನ್ ಮತ್ತು ಪೈಕ್ ತಮ್ಮ ಕ್ರಮದಲ್ಲಿ ಒಂದು ಸೊಗಸಾದ ಕಟ್ಟುಪಾಡನ್ನು ಇಟ್ಟಿದ್ದಾರೆ. ಸಂಕೇತವೊಂದರ ಮೊದಲನೆಯ ಬೈಟು ಬೇರೆ ಜಾತಿ. ಹಿಂಬಾಲಿಸುವ ಬೈಟುಗಳು ೧೨೮ರಿಂದ ೧೯೧ರ ಒಳಗಿನವು. ಒಂದು ಸಂಕೇತದ ನಡುವಿನಿಂದ ಇನ್ನೊಂದು ಸಂಕೇತ ಹುಟ್ಟಿಕೊಳ್ಳುವಂತೆಯೇ ಇಲ್ಲ. ಅಷ್ಟೇ ಅಲ್ಲ, ೧೨೮ಕ್ಕಿಂತ ಕೆಳಗಿನ ಬೈಟು ಯಾವ ಕನ್ನಡ ಅಕ್ಷರದೊಳಗೂ ಬರುವುದಿಲ್ಲವಾದ್ದರಿಂದ ಕನ್ನಡ ವಾಕ್ಯದಲ್ಲಿ ಅಲ್ಪವಿರಾಮವನ್ನೋ ಪದಗಳ ನಡುವಿನ ತೆರಪನ್ನೋ ಹುಡುಕಲು ಹಳೆಯ ಸ್ಟ್ರ್‌ಚರ್ ಇಂದಿಗೂ ಧಾರಾಳವಾಗಿ ಸಾಕು. ಕನ್ನಡ ಕಂಪ್ಯೂಟರಿಗೆ ಹತ್ತುವುದಿಲ್ಲ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು. ಆ ಗೆಳತಿಗೆ ಅಂದು ಕೊಡಬೇಕಾಗಿದ್ದ ಉತ್ತರ ಇದು.

ನನ್ನ ವಾದ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಈ ಹೊಸ ಪ್ರೋಗ್ರಾಮನ್ನು ಹೆಮ್ಮೆಯಿಂದ ನಮ್ಮ ಕನ್ನಡ ಮೇಷ್ಟ್ರಿಗೆ ತೋರಿಸಿದಾಗ ಅವರು ಒಂದು ಪ್ರಶ್ನೆ ಕೇಳಿದರು. “ಎಲ್ಲ ಸರಿಯಮ್ಮ. ನೀನು ಹುಡುಕುತ್ತಿರುವುದು ಅಕ್ಷರವನ್ನೋ ವರ್ಣವನ್ನೋ?”

ನನಗೆ ಉತ್ತರ ತೋಚಲಿಲ್ಲ. ಅವರು ‘ಅ’ ಎಂಬುದನ್ನು ಹುಡುಕಲು ಹೇಳಿದರು. ಪ್ರೋಗ್ರಾಂ ಕನ್ನಡ ಎಂಬ ಪದದಲ್ಲಿ ಅ ಇಲ್ಲ ಎಂದಿತು. “ನಮ್ಮ ವ್ಯಾಕರಣದ ಪ್ರಕಾರ ಮೂರು ಅಕಾರ ಇವೆಯಲ್ಲಾ” ಎಂದರು. ನಿಜ. ಕ್, ಅ, ನ್, ನ್, ಅ, ಡ್, ಅ ಎಂದು ಬಿಡಿಸಿದರೆ ಏಳು ವರ್ಣಗಳು. ಅವುಗಳಲ್ಲಿ ಮೂರು ಅಕಾರ. ಯೂನಿಕೋಡಿನಲ್ಲಿ ವ್ಯಂಜನದೊಳಗಿನ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ‘ಕವಿ’ ಎಂಬಲ್ಲಿ ಇ ಹುಡುಕಿದರೂ ಸಿಕ್ಕುವುದಿಲ್ಲ. ಪದದ ಮೊದಲಿಗೆ ಬರುವ ಇ ಬೇರೆ ಸಂಕೇತ, ವ್ಯಂಜನಕ್ಕೆ ಹತ್ತುವ ಗುಡಿಸು ಬೇರೆ ಸಂಕೇತ. ‘ಕಿವಿ’ ಎಂಬಲ್ಲಿ ಕ ಹುಡುಕಿದರೆ ಇದೆ ಎನ್ನುತ್ತದೆ. ಓದುವವನ ಕಣ್ಣಿಗೆ ಅಲ್ಲಿರುವುದು ಕಿ, ಕ ಅಲ್ಲ. ‘ಅಕ್ಷರ’ ಎಂಬಲ್ಲಿಯೂ ಕ ಇದೆ ಎನ್ನುತ್ತದೆ; ಅದು ವ್ಯಾಕರಣಕ್ಕೆ ಒಪ್ಪಿಗೆ, ಆದರೆ ಕ್ಷ ಎಂಬುದನ್ನು ವರ್ಣಮಾಲೆಯ ಕೊನೆಯಲ್ಲಿ ಒಂದೇ ಅಕ್ಷರವೆಂದು ಬಾಯಿಪಾಠ ಮಾಡಿದವರಿಗೆ ಒಪ್ಪಿಗೆಯಾಗಲಾರದು.

ಆಗ ನಾವಿಬ್ಬರೂ ಕುಳಿತು ಒಂದು ಲೆಕ್ಕ ಹಾಕಿದೆವು. ಕನ್ನಡ ಎಂಬ ಪದದಲ್ಲಿ ಎಷ್ಟು ಅಕ್ಷರ? ಸಿ ಭಾಷೆಯ ಸ್ಟ್ರ್‌ಲೆನ್ ಹೇಳುವುದು ಹದಿನೈದು. ವರ್ಣಗಳನ್ನು ಬಿಡಿಸುವ ವ್ಯಾಕರಣ ಹೇಳುವುದು ಏಳು. ಸಂಕೇತಗಳನ್ನು ಎಣಿಸುವ ಪೈಥಾನ್ ಭಾಷೆ ಹೇಳುವುದು ಐದು. ಓದುಗನ ಕಣ್ಣಿಗೆ ಒಂದಾಗಿ ಕಾಣುವ ಗುಂಪುಗಳನ್ನು ಎಣಿಸಲು ಯೂನಿಕೋಡಿನವರು ಬೇರೊಂದು ನಿಯಮವನ್ನು ಮಾಡಿದ್ದಾರೆ. ಅದರ ಸಾಮಾನ್ಯ ರೂಪದಂತೆ ಕ, ನ್, ನ, ಡ ಎಂದು ನಾಲ್ಕು. ಹಳ್ಳಿಯ ಶಾಲೆಯ ಮಗು ಬೆರಳು ಮಡಿಸಿ ಹೇಳುವುದು ಕ, ನ್ನ, ಡ ಎಂದು ಮೂರು. ಛಂದಸ್ಸಿನವರು ಬಂದರೆ, ಒತ್ತಕ್ಷರದ ಹಿಂದಿನ ಕ ಗುರು, ಉಳಿದೆರಡು ಲಘು, ಒಟ್ಟು ನಾಲ್ಕು ಮಾತ್ರೆ ಎಂದು ತಮ್ಮದೇ ಲೆಕ್ಕ ಕೊಡುತ್ತಾರೆ. ಇಷ್ಟು ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದೂ ಅದರದರ ಕೆಲಸಕ್ಕೆ ಸರಿ. ಡಿಸ್ಕಿನಲ್ಲಿ ಜಾಗ ಎಷ್ಟು ಬೇಕೆಂದು ತಿಳಿಯಲು ಹದಿನೈದು ಬೇಕು; ಸಂಧಿ ಬಿಡಿಸಲು ಏಳು ಬೇಕು; ಪದಬಂಧದ ಚೌಕಗಳನ್ನು ತುಂಬಲು ಮೂರು ಬೇಕು.

ನನ್ನ ಲೇಖನದ ಮುಖ್ಯ ಮಾತು ಇದೇ. ಅಕ್ಷರವನ್ನು ಹುಡುಕುವ ಮುನ್ನ ಅಕ್ಷರವೆಂದರೇನು ಎಂದು ಹೇಳಬೇಕು. ಅದನ್ನು ಸಿ ಭಾಷೆ ಹೇಳಲಾರದು. ಯೂನಿಕೋಡ್ ಹೇಳಿದರೂ ನಮ್ಮ ಎಲ್ಲ ಅಗತ್ಯಗಳಿಗೂ ಸರಿಯಾಗುವಂತೆ ಹೇಳಲಾರದು. ಕನ್ನಡಕ್ಕೆ ಸಂಬಂಧಿಸಿದಂತೆ ಅದನ್ನು ಹೇಳಬೇಕಾದವರು ಕನ್ನಡವನ್ನು ಓದುವವರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಬರೆಯುವಾಗ ಮೊದಲು ಕೈಹಾಕಿದ್ದು ಈ ವಿಚಾರಕ್ಕೇ: ಕನ್ನಡದ ಅಕ್ಷರಗಳು ಯಾವುವು, ಹೊರಗಿನಿಂದ ಬಂದವು ಯಾವುವು ಎಂದು ಆತ ಎಣಿಸಿ ವಿಂಗಡಿಸಿದ. ಇದನ್ನು ನಾವು ಪರೀಕ್ಷೆಗಾಗಿ ಓದಿ ಮರೆಯುವ ಹಳೆಯ ವಿಷಯವೆಂದುಕೊಂಡಿದ್ದೆವು. ಅದೇ ಪ್ರಶ್ನೆ ಲ್ಯಾಬಿನ ಪರದೆಯ ಮೇಲೆ ಹೊಸ ವೇಷದಲ್ಲಿ ಬಂದು ನಿಂತಿದೆ.

ಇದಕ್ಕೆ ಆಕ್ಷೇಪಣೆಗಳು ಬಾರದೆ ಇರವು. ಸಿ ಭಾಷೆ ಹಳೆಯದಾಯಿತು, ಹೊಸ ಭಾಷೆಗಳಲ್ಲಿ ಈ ತೊಡಕುಗಳಿಲ್ಲ ಎಂದು ಕೆಲವರು ಹೇಳಬಹುದು. ಹೊಸ ಭಾಷೆಗಳು ಬೈಟಿನ ತೊಡಕನ್ನು ಬಿಡಿಸಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸಿ ಭಾಷೆಯಲ್ಲಿಯೇ ಅಗಲವಾದ ಅಕ್ಷರಗಳೆಂಬ ಬೇರೊಂದು ವ್ಯವಸ್ಥೆ ಇದ್ದು, ಅಲ್ಲಿ ಕ ಎಂಬುದು ಒಂದೇ ತುಣುಕಾಗಿ ಕೂರುತ್ತದೆ. ಆದರೆ ಹದಿನೈದನ್ನು ಐದು ಮಾಡಿದ ಮಾತ್ರಕ್ಕೆ ಅದು ಮೂರಾಗುವುದಿಲ್ಲ, ಏಳೂ ಆಗುವುದಿಲ್ಲ. ಇನ್ನೊಂದು ಸಂಗತಿ. ೨೦೨೩ರಲ್ಲಿ ಬಂದ ಯೂನಿಕೋಡಿನ ೧೫.೧ನೆಯ ಆವೃತ್ತಿಯಲ್ಲಿ, ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಎಣಿಸುವ ನಿಯಮವನ್ನು ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಆ ನಿಯಮ ಅನ್ವಯಿಸಿತು; ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಇಂಥ ತೀರ್ಮಾನಗಳು ನಡೆಯುತ್ತಿವೆ, ಅವು ನಮ್ಮ ಒತ್ತಕ್ಷರಗಳ ಬಗ್ಗೆಯೇ ನಡೆಯುತ್ತಿವೆ ಎಂಬುದಾದರೂ ಕನ್ನಡ ಓದುವ ನಮಗೆ ಗೊತ್ತಿರಬೇಡವೆ?

ಹಳಗನ್ನಡದ ೞ ಎಂಬ ಅಕ್ಷರದ ಕಥೆಯನ್ನು ಇಲ್ಲಿ ಹೇಳಬೇಕು. ಯೂನಿಕೋಡಿನಲ್ಲಿ ಅದಕ್ಕೆ ಒಂದು ಸ್ಥಾನವಿದೆ. ಆದರೆ ಅದರ ಇಂಗ್ಲಿಷ್ ಹೆಸರು ತಪ್ಪಾಗಿ, ಎಫ್ ಮತ್ತು ಎ ಅಕ್ಷರಗಳಲ್ಲಿ, ‘ಫ’ ಎಂದು ದಾಖಲಾಗಿಬಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಮತ್ತೆ ಬದಲಾಯಿಸಬಾರದೆಂಬುದು ಅಲ್ಲಿನ ಕಟ್ಟುನಿಟ್ಟಾದ ನಿಯಮ. ಆದುದರಿಂದ ಹೆಸರು ಹಾಗೆಯೇ ಉಳಿದು, ಇದು ತಪ್ಪು ಎಂಬ ಟಿಪ್ಪಣಿಯೂ ಸರಿಯಾದ ಇನ್ನೊಂದು ಹೆಸರೂ ಪಕ್ಕದಲ್ಲಿ ಸೇರಿವೆ. ಪಂಪನನ್ನು ಒಂದು ಪುಟ ಓದಿದ ವಿದ್ಯಾರ್ಥಿ ಯಾರಾದರೂ ಆ ಪಟ್ಟಿಯ ಕರಡನ್ನು ನೋಡಿದ್ದರೆ ಅಂದೇ ಬೆರಳಿಟ್ಟು ತೋರಿಸುತ್ತಿದ್ದ. ಇಂಥ ಕೆಲಸಕ್ಕೆ ಕಲಾ ವಿಭಾಗದವರು ಬೇಡ ಎನ್ನುವವರು ಇದನ್ನು ಯೋಚಿಸಬೇಕು.

ಇದೆಲ್ಲ ಪಂಡಿತರ ಚರ್ಚೆ, ಇದರಿಂದ ಸಾಮಾನ್ಯ ಜನರಿಗೇನು ಎಂಬುದು ಇನ್ನೊಂದು ಆಕ್ಷೇಪಣೆ. ಸಾಮಾನ್ಯರಿಗೇ ಇದರ ಬಿಸಿ ಹೆಚ್ಚು ಎಂದು ನನ್ನ ಉತ್ತರ. ‘ಭೂಮಿ’ ಯೋಜನೆಯ ಕಾಲದಿಂದ ಕರ್ನಾಟಕದ ರೈತರ ಪಹಣಿಗಳು ಕಂಪ್ಯೂಟರಿನಲ್ಲಿ ಕನ್ನಡದಲ್ಲಿಯೇ ಇವೆ. ಮತದಾರರ ಪಟ್ಟಿಗಳು ಕನ್ನಡದಲ್ಲಿವೆ. ನಮ್ಮ ಹೆಸರು, ನಮ್ಮ ತಂದೆ ತಾಯಿಯರ ಹೆಸರು ಇಂಥ ಪಟ್ಟಿಗಳಲ್ಲಿ ಬೈಟುಗಳ ಸರಗಳಾಗಿ ಕುಳಿತಿವೆ. ಯಾವುದೇ ಕಚೇರಿಯ ಕಿಟಕಿಯಲ್ಲಿ ಹೆಸರು ಹೇಳಿದಾಗ ಒಳಗೆ ನಡೆಯುವುದು ಇದೇ ಹುಡುಕುವ ಕೆಲಸ. ಸೀತಾ ಎಂಬ ಹೆಸರನ್ನು ತೆಗೆದುಕೊಳ್ಳಿ. ಅದರ ಈಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಇಕಾರದ ಗುಡಿಸು, ಅದರ ಮುಂದೆ ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡಿನ ಪ್ರಕಾರ ಎರಡೂ ಸಮಾನ. ಪರದೆಯ ಮೇಲೂ ಒಂದೇ ರೀತಿ ಕಾಣಬೇಕಾದವು. ಆದರೆ ಒಂದರಲ್ಲಿ ಹನ್ನೆರಡು ಬೈಟು, ಇನ್ನೊಂದರಲ್ಲಿ ಹದಿನೈದು. ಒಂದು ರೀತಿ ಬರೆದು ಇನ್ನೊಂದು ರೀತಿ ಹುಡುಕಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಮ ಯೂನಿಕೋಡಿನಲ್ಲಿ ಉಂಟು. ಆದರೆ ಪ್ರೋಗ್ರಾಂ ಬರೆಯುವವರಿಗೆ ಅದು ತಿಳಿದಿರಬೇಕು. ರಾಜ್‌ಕುಮಾರ್ ಎಂದು ಜ್ ಮತ್ತು ಕು ಬೇರೆ ಬೇರೆಯಾಗಿ ಕಾಣುವಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತಾರೆ. ಹುಡುಕುವಾಗ ಅದನ್ನು ಬಿಟ್ಟರೆ ಆಗಲೂ ಇಲ್ಲ. ಶಂಕರ ಎಂದು ಸೊನ್ನೆಯಿಂದ ಬರೆಯುವುದು, ಶಙ್ಕರ ಎಂದು ಅನುನಾಸಿಕದಿಂದ ಬರೆಯುವುದು ಒಂದೇ ಎಂದು ವ್ಯಾಕರಣ ಬಲ್ಲವರಿಗೆ ಗೊತ್ತು. ಇದನ್ನು ಯೂನಿಕೋಡೂ ಹೇಳಿಕೊಡುವುದಿಲ್ಲ, ನಾವೇ ಹೇಳಿಕೊಡಬೇಕು. ಇಲ್ಲದಿದ್ದರೆ ಕಿಟಕಿಯ ಹೊರಗೆ ನಿಂತವರಿಗೆ “ನಿಮ್ಮ ಹೆಸರು ಇಲ್ಲ” ಎಂಬ ಮಾತು ಕೇಳಿಸುತ್ತದೆ. ಪದದಲ್ಲಿ ಇಲ್ಲದ ಲ ಇದೆ ಎಂದಾಗ ನಾವು ನಕ್ಕೆವು. ಪಟ್ಟಿಯಲ್ಲಿ ಇರುವ ಹೆಸರನ್ನು ಇಲ್ಲ ಎಂದಾಗ ನಗುವವರು ಯಾರು?

ಆದುದರಿಂದ ನಮ್ಮ ಅಧ್ಯಾಪಕರ ಮುಂದೆ ಮೂರು ಸಣ್ಣ ಬಿನ್ನಹಗಳನ್ನು ಇಡುತ್ತೇನೆ. ಇವುಗಳಿಗೆ ಹಣ ಬೇಡ, ಪಠ್ಯಕ್ರಮವನ್ನೂ ಬದಲಾಯಿಸಬೇಕಾಗಿಲ್ಲ.

ಮೊದಲನೆಯದು, ಸ್ಟ್ರ್‌ಚರ್ ಪಾಠವನ್ನು ಇಂಗ್ಲಿಷ್ ಪದದಿಂದ ಕಲಿಸಿದ ದಿನವೇ ಒಂದು ಕನ್ನಡ ಪದವನ್ನೂ ಕೊಟ್ಟು, ಅದರ ಬೈಟುಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿ ತೋರಿಸಬೇಕು. ಹತ್ತು ನಿಮಿಷ ಸಾಕು. ಬೈಟು ಬೇರೆ, ಅಕ್ಷರ ಬೇರೆ ಎಂಬ ತಿಳಿವಳಿಕೆ ಅದರಿಂದ ಬರುವಷ್ಟು ಚೆನ್ನಾಗಿ ನೂರು ಪುಟ ಓದಿದರೂ ಬಾರದು. ಇಂಗ್ಲಿಷನ್ನು ಮಾತ್ರ ಹಾಕಿ ನೋಡಿದವರಿಗೆ ಈ ಭೇದ ಎಂದೂ ಕಣ್ಣಿಗೆ ಬೀಳುವುದಿಲ್ಲ. ಈ ವಿಷಯದಲ್ಲಿ ಕನ್ನಡದವರಾದ ನಮಗೆ ಒಂದು ಅನುಕೂಲವೇ ಇದೆ ಎನ್ನಬೇಕು.

ಎರಡನೆಯದು, ಕನ್ನಡ ವಿಭಾಗದ ಗುರುಗಳೊಬ್ಬರು ವರ್ಷಕ್ಕೊಮ್ಮೆ ಗಣಕದ ತರಗತಿಗೆ ಬಂದು ವರ್ಣ, ಅಕ್ಷರ, ಮಾತ್ರೆ ಇವುಗಳ ವ್ಯತ್ಯಾಸವನ್ನು ಒಂದು ಗಂಟೆ ಹೇಳಬೇಕು. ಅದೇ ರೀತಿ ಗಣಕದ ಗುರುಗಳು ಕನ್ನಡ ಐಚ್ಛಿಕದ ತರಗತಿಗೆ ಒಮ್ಮೆ ಬರಬೇಕು. ಎರಡು ಕೊಠಡಿಗಳ ನಡುವೆ ಇರುವುದು ಒಂದು ಜಗಲಿ ಮಾತ್ರ.

ಮೂರನೆಯದು, ಎರಡು ವಿಭಾಗಗಳೂ ಸೇರಿ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಕೊಡಬೇಕು: ಪದ್ಯವೊಂದರ ಸಾಲುಗಳಲ್ಲಿ ಆದಿಪ್ರಾಸ ಇದೆಯೇ ಎಂದು ನೋಡಿ ಹೇಳುವ ಪ್ರೋಗ್ರಾಂ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಸ್ವರ ಬೇರೆಯಾದರೆ ದೋಷವಿಲ್ಲ. ಕೇಳಲು ಸುಲಭ. ಮಾಡಹೊರಟರೆ, ಎರಡನೆಯ ಅಕ್ಷರ ಎಲ್ಲಿ ಆರಂಭವಾಯಿತು, ಒತ್ತಕ್ಷರ ಎಲ್ಲಿ ಮುಗಿಯಿತು, ಕಾಗುಣಿತದ ಗುರುತನ್ನು ಬಿಟ್ಟು ವ್ಯಂಜನವನ್ನು ಹೇಗೆ ಬೇರ್ಪಡಿಸುವುದು ಎಂಬ ಪ್ರಶ್ನೆಗಳೆಲ್ಲ ಬರುತ್ತವೆ. ಸಿ ಮಾತ್ರ ಬಲ್ಲವರಿಗೆ ಇದು ಸಾಧ್ಯವಿಲ್ಲ. ಛಂದಸ್ಸು ಮಾತ್ರ ಬಲ್ಲವರಿಗೂ ಸಾಧ್ಯವಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರೆ ಒಂದು ವಾರದ ಕೆಲಸ.

ನಾವು ದೊಡ್ಡ ಎಂಜಿನಿಯರಿಂಗ್ ಕಾಲೇಜಿನವರಲ್ಲ. ನಮ್ಮ ಲ್ಯಾಬಿನಲ್ಲಿ ಇರುವ ಯಂತ್ರಗಳೂ ಕೆಲವೇ. ಆದರೆ ಅಕ್ಷರವೆಂದರೇನು ಎಂಬ ಪ್ರಶ್ನೆಯನ್ನು ಕೇಳಲು ಹೊಸ ಯಂತ್ರ ಬೇಕಾಗಿಲ್ಲ. ಕನ್ನಡ ಬಲ್ಲ ಗುರುಗಳೂ ಗಣಕ ಬಲ್ಲ ಗುರುಗಳೂ ಒಂದೇ ಸೂರಿನ ಕೆಳಗೆ ಇರುವ ನಮ್ಮ ಕಾಲೇಜಿಗಿಂತ ಅದಕ್ಕೆ ತಕ್ಕ ಸ್ಥಳ ಬೇರೆ ಯಾವುದು? ಬರುವ ವರ್ಷ ಈ ಪಾಠಕ್ಕೆ ಕುಳಿತುಕೊಳ್ಳುವ ತಂಗಿಯರೂ ತಮ್ಮಂದಿರೂ ಕನ್ನಡ ಪದವನ್ನು ಹಾಕಿ ತಪ್ಪು ಉತ್ತರ ಪಡೆದಾಗ ಅದನ್ನು ಅಳಿಸಿ ಇಂಗ್ಲಿಷನ್ನು ಹಾಕದಿರಲಿ. ಆ ತಪ್ಪು ಉತ್ತರ ಏಕೆ ಬಂದಿತೆಂದು ಒಂದು ಗಂಟೆ ಕುಳಿತು ನೋಡಲಿ. ನನಗೆ ಈ ವರ್ಷ ಬಂದ ಪಾಠಗಳಲ್ಲಿ ಅದಕ್ಕಿಂತ ಹೆಚ್ಚಿನದನ್ನು ಬೇರೆ ಯಾವುದೂ ಕಲಿಸಲಿಲ್ಲ.